ಮರದ ಲೆಕ್ಕದಲ್ಲಿ ಮಣ್ಣು ಬಿಟ್ಟುಹೋಗಿದೆ

ಮುಂಗಾರಿನ ಮೊದಲ ಮಳೆ ಬಿದ್ದು ನೆಲ ತಣಿದ ಮೇಲೆ ಕಾರ್ಕಳ, ಮೂಡುಬಿದಿರೆ ಕಡೆಯ ಪೇಟೆಗಳಲ್ಲಿ ಕಲ್ಲಣಬೆ ಕಾಣಿಸಿಕೊಳ್ಳುತ್ತದೆ. ತುಳುವರ ಬಾಯಲ್ಲಿ ಅದು ಕಲ್ಲಲಾಂಬು. ಕೊಡೆಯಿಲ್ಲ, ಕಾಂಡವಿಲ್ಲ, ಮಣ್ಣು ಮೆತ್ತಿಕೊಂಡ ಗಟ್ಟಿ ಉಂಡೆ ಅಷ್ಟೆ. ಮುರಕಲ್ಲಿನ ಗುಡ್ಡಗಳಲ್ಲಿ ಕೋಲಿನಿಂದ ಮೇಲ್ಮಣ್ಣು ಕೆದಕುತ್ತ ಹೋಗುವವರು ಅದನ್ನು ಒಂದೊಂದಾಗಿ ಆರಿಸಿ ತರುತ್ತಾರೆ. ಎಳೆಯದಿದ್ದಾಗ ಒಳಗೆಲ್ಲ ಬೆಳ್ಳಗಿರುತ್ತದೆ, ಬಲಿತರೆ ಪುಡಿಯಾಗಿ ತಿನ್ನಲು ಬಾರದು. ಹಾಗಾಗಿ ಸಿಗುವ ಕಾಲ ತೀರ ಕಡಿಮೆ, ಬೆಲೆ ಕೋಳಿ ಮಾಂಸಕ್ಕಿಂತ ಮೇಲು.

ಇಷ್ಟು ಬೇಡಿಕೆಯಿದ್ದರೂ ಕಲ್ಲಣಬೆಯನ್ನು ಯಾರೂ ಬೆಳೆದು ಮಾರುವುದಿಲ್ಲ. ಚಿಪ್ಪಣಬೆಗೆ ಒದ್ದೆ ಹುಲ್ಲು ಸಾಕು, ಬಟನ್ ಅಣಬೆಗೆ ಕಾಂಪೋಸ್ಟ್ ಸಾಕು. ಅವೆರಡೂ ಸತ್ತ ಸಸ್ಯವನ್ನು ಕೊಳೆಸಿ ಬದುಕುವ ಜಾತಿಗಳು. ಹುತ್ತದ ಮೇಲೇಳುವ ಹೆಗ್ಗಣಬೆಗಳ ದಾರಿಯೇ ಬೇರೆ, ಅವು ಗೆದ್ದಲಿನ ಸಾಕುಮಕ್ಕಳು. ಕಲ್ಲಣಬೆಗೆ ಬೇಕಾದದ್ದು ಜೀವಂತ ಮರದ ಜೀವಂತ ಬೇರು. ಆ್ಯಸ್ಟ್ರಿಯಸ್ ಎಂಬ ಈ ಅಣಬೆ ಕುಲ ಥಾಯ್ಲೆಂಡಿನಲ್ಲೂ ಜನಪ್ರಿಯ ತಿನಿಸು, ಅಲ್ಲಿ ಅದು ಧೂಪದ ಬಳಗದ ಮರಗಳ ಅಡಿಯಲ್ಲಿ ಸಿಗುತ್ತದೆ. ಜಾರ್ಖಂಡಿನ ಸಾಲ್ ಕಾಡುಗಳಲ್ಲಿ ಮಳೆಗಾಲದಲ್ಲಿ ಆರಿಸುವ ರುಗ್ಡಾ ಕೂಡ ಇದರದೇ ನೆಂಟ. ಸಾಲ್ ಮರವೂ ಅದೇ ಧೂಪದ ಬಳಗಕ್ಕೆ ಸೇರಿದ್ದು. ಅಣಬೆ ಎಂದು ಬುಟ್ಟಿಗೆ ಬೀಳುವುದು ಒಂದು ದೊಡ್ಡ ಜೀವಿಯ ಫಲ ಮಾತ್ರ. ಆ ಜೀವಿ ಕೂದಲಿಗಿಂತಲೂ ನವುರಾದ ಎಳೆಗಳಾಗಿ ಮಣ್ಣಿನಲ್ಲಿ ಹರಡಿ, ಮರದ ಬೇರುತುದಿಗಳನ್ನು ಸುತ್ತಿಕೊಂಡು ವರ್ಷವಿಡೀ ಬದುಕಿರುತ್ತದೆ. ಗುಡ್ಡ ತರಿದು ಸಮತಟ್ಟು ಮಾಡಿದ ಮರುವರ್ಷ ಅಲ್ಲಿ ಕಲ್ಲಣಬೆ ಏಳದಿರುವುದಕ್ಕೆ ಕಾರಣ ಇಲ್ಲಿದೆ.

ಕರ್ನಾಟಕದ ಅರಣ್ಯ ನೀತಿ ಗಮನಕ್ಕೆ ತೆಗೆದುಕೊಳ್ಳದ ಸಂಗತಿಯೂ ಇದೇ. ಕಾಡು ಕಡಿಯಲು ಅನುಮತಿ ಕೊಡುವಾಗ ಮರ ಎಣಿಸುತ್ತಾರೆ, ಹೆಕ್ಟೇರ್ ಅಳೆಯುತ್ತಾರೆ, ಪರಿಹಾರದ ಹಣ ಕಟ್ಟಿಸಿಕೊಳ್ಳುತ್ತಾರೆ. ಆ ಮರಗಳು ಮಣ್ಣಿನೊಂದಿಗೆ ನೂರಾರು ವರ್ಷಗಳಲ್ಲಿ ಕಟ್ಟಿಕೊಂಡ ಸಂಬಂಧಕ್ಕೆ ಯಾವ ಕಾಗದದಲ್ಲೂ ಒಂದು ಕಲಮಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯದೆ ಮಾಡುವ ಅರಣ್ಯೀಕರಣ, ಕಳೆದುಹೋದ ಕಾಡಿಗೆ ಬದಲಿ ಎಂದು ಕರೆಸಿಕೊಳ್ಳಲು ಯೋಗ್ಯವಲ್ಲ.

ಬೇರು ಮತ್ತು ಶಿಲೀಂಧ್ರ ಒಂದಾಗಿ ಬದುಕುವ ಈ ಏರ್ಪಾಡಿಗೆ ಮೈಕೊರೈಜಾ ಎಂಬ ಹೆಸರು ಬಂದದ್ದು 1885ರಲ್ಲಿ. ಜರ್ಮನಿಯ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಅವರಿಗೆ ಪ್ರಷ್ಯಾದ ಸರ್ಕಾರ ಒಪ್ಪಿಸಿದ್ದ ಕೆಲಸ ಬೇರೆಯೇ: ಟ್ರಫಲ್ ಎಂಬ ದುಬಾರಿ ನೆಲದಣಬೆಯನ್ನು ಬೆಳೆಸಲು ಸಾಧ್ಯವೇ ನೋಡಿ ಎಂದು. ಟ್ರಫಲ್ ಹುಡುಕಿ ಬೇರು ಅಗೆದ ಫ್ರಾಂಕ್ ಅವರಿಗೆ ಕಂಡದ್ದು, ಮರಗಳ ಎಳೆಬೇರಿನ ತುದಿಗಳು ಶಿಲೀಂಧ್ರದ ಕವಚ ತೊಟ್ಟಿರುವುದು. ಅದು ರೋಗವಲ್ಲ, ಪರಸ್ಪರ ಪೋಷಣೆ ಎಂದು ಅವರು ವಾದಿಸಿದರು. ಶಿಲೀಂಧ್ರ ಎಂದರೆ ಬೆಳೆಗೆ ಬರುವ ಪೀಡೆ ಎಂದಷ್ಟೇ ತಿಳಿದಿದ್ದ ಆ ಕಾಲದಲ್ಲಿ ಅದನ್ನು ಒಪ್ಪಿದವರು ಕಡಿಮೆ. ಮುಂದಿನ ಶತಮಾನದ ಸಂಶೋಧನೆ ಅವರ ಪರವಾಗಿ ನಿಂತಿತು.

ಏರ್ಪಾಡು ಹೀಗಿದೆ. ಮರ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ಮತ್ತು ಕೊಬ್ಬಿನಲ್ಲಿ ಒಂದು ಪಾಲನ್ನು ಶಿಲೀಂಧ್ರಕ್ಕೆ ಕೊಡುತ್ತದೆ. ಶಿಲೀಂಧ್ರ ಮಣ್ಣಿನಿಂದ ರಂಜಕ, ಸಾರಜನಕ, ಸತು, ತಾಮ್ರ ಮತ್ತು ನೀರನ್ನು ತಂದುಕೊಡುತ್ತದೆ. ಬೇರಿಗೆ ಈ ದಲ್ಲಾಳಿ ಯಾಕೆ ಬೇಕು ಎಂಬುದಕ್ಕೆ ಉತ್ತರ ರಂಜಕದ ಗುಣದಲ್ಲಿದೆ. ರಂಜಕ ಮಣ್ಣಿನಲ್ಲಿ ಹೆಚ್ಚೂಕಡಿಮೆ ಕದಲುವುದೇ ಇಲ್ಲ. ಬೇರು ತನ್ನ ಸುತ್ತಲ ಒಂದೆರಡು ಮಿಲಿಮೀಟರ್ ಮಣ್ಣಿನ ರಂಜಕವನ್ನು ಹೀರಿಕೊಂಡರೆ ಅಲ್ಲಿಗೆ ಮುಗಿಯಿತು. ಶಿಲೀಂಧ್ರದ ಎಳೆಗಳು ಆ ಬರಡು ವಲಯವನ್ನು ದಾಟಿ ಹಲವು ಸೆಂಟಿಮೀಟರ್ ಆಚೆಗೆ ಕೈಚಾಚುತ್ತವೆ. ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ತೆಳುವಾದ ಎಳೆಗಳಾದ್ದರಿಂದ ಬೇರಿನ ರೋಮ ತೂರದ ಸಂದುಗಳಲ್ಲೂ ನುಗ್ಗುತ್ತವೆ. ಒಂದು ಗ್ರಾಂ ಕಾಡುಮಣ್ಣಿನಲ್ಲಿರುವ ಎಳೆಗಳನ್ನು ಒಂದಕ್ಕೊಂದು ಜೋಡಿಸಿದರೆ ಹತ್ತಾರು ಮೀಟರ್, ಕೆಲವೆಡೆ ನೂರು ಮೀಟರನ್ನೂ ದಾಟುತ್ತದೆ.

ಪಶ್ಚಿಮ ಘಟ್ಟದ ಮಣ್ಣಿಗೆ ಈ ವಿವರ ಇನ್ನಷ್ಟು ಮುಖ್ಯ. ಆಗುಂಬೆಯಂಥ ಕಡೆ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಷ್ಟು ನೀರು ಲಕ್ಷಾಂತರ ವರ್ಷ ಹರಿದ ನೆಲದಲ್ಲಿ ಕರಗುವ ಪೋಷಕಾಂಶವೆಲ್ಲ ಕೊಚ್ಚಿಹೋಗಿ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳ ಕೆಂಪು ಮುರಮಣ್ಣು. ಈ ಆಕ್ಸೈಡುಗಳು ಇದ್ದಬದ್ದ ರಂಜಕವನ್ನೂ ಬಿಗಿಯಾಗಿ ಕಚ್ಚಿ ಹಿಡಿಯುತ್ತವೆ. ಹೊಲದ ಲೆಕ್ಕದಲ್ಲಿ ಇದು ಬಡ ಮಣ್ಣು. ಅದರ ಮೇಲೆಯೇ ನಲವತ್ತು ಮೀಟರ್ ಎತ್ತರದ ಮರಗಳ ನಿತ್ಯಹರಿದ್ವರ್ಣ ಕಾಡು ನಿಂತಿದೆ. ಅಲ್ಲಿ ಸಂಪತ್ತು ಆಳದಲ್ಲಿಲ್ಲ. ಮೇಲಿನ ಗೇಣುದ್ದ ಪದರದಲ್ಲಿ, ಉದುರಿದ ತರಗೆಲೆಯಲ್ಲಿ, ಅದರೊಳಗೆ ನುಗ್ಗಿರುವ ಸಣ್ಣ ಬೇರುಗಳಲ್ಲಿ, ಶಿಲೀಂಧ್ರದ ಎಳೆಗಳಲ್ಲಿ ಇದೆ. ಬೇರು ಮತ್ತು ಶಿಲೀಂಧ್ರ ಸ್ರವಿಸುವ ಸಾವಯವ ಆಮ್ಲಗಳು ಕಬ್ಬಿಣದ ಹಿಡಿತದಿಂದ ರಂಜಕವನ್ನು ಬಿಡಿಸುತ್ತವೆ. ಎಲೆ ಕೊಳೆತು ಬಿಡುಗಡೆಯಾದ ಪೋಷಕಾಂಶ ಮಳೆಯ ಪಾಲಾಗುವ ಮೊದಲೇ ಮರದೊಳಕ್ಕೆ ಸೇರುತ್ತದೆ. ಆ ಗೇಣು ಮಣ್ಣನ್ನು ಕೆರೆದು ತೆಗೆದರೆ ಕೆಳಗೆ ಸಿಗುವುದು ಮನೆ ಕಟ್ಟುವ ಮುರಕಲ್ಲು.

ಎಲ್ಲ ಮರಗಳ ಒಡನಾಟವೂ ಒಂದೇ ಬಗೆಯದಲ್ಲ. ಹಲಸು, ಮಾವು, ಸಾಗುವಾನಿ, ಜೊತೆಗೆ ಕಾಫಿ, ಕಾಳುಮೆಣಸು, ಅಡಿಕೆಯ ಬೇರುಗಳಲ್ಲಿ ಶಿಲೀಂಧ್ರ ಜೀವಕೋಶದ ಒಳಕ್ಕೇ ಹೊಕ್ಕು ಸಣ್ಣ ಗಿಡದ ಹಾಗೆ ಕವಲೊಡೆಯುತ್ತದೆ. ಜಗತ್ತಿನ ಸಸ್ಯಜಾತಿಗಳಲ್ಲಿ ಸುಮಾರು ಮುಕ್ಕಾಲು ಪಾಲಿನದು ಈ ದಾರಿ. ಇನ್ನೊಂದು ಬಗೆಯಲ್ಲಿ ಶಿಲೀಂಧ್ರ ಜೀವಕೋಶದ ಒಳಗೆ ಹೋಗುವುದಿಲ್ಲ. ಬೇರುತುದಿಗೆ ಹೊರಗಿನಿಂದ ಕವಚ ಹೊದಿಸಿ, ಕೋಶಗಳ ನಡುವೆ ಬಲೆ ನೇಯುತ್ತದೆ. ಸಸ್ಯಜಾತಿಗಳಲ್ಲಿ ನೂರಕ್ಕೆ ಎರಡರಷ್ಟು ಮಾತ್ರ ಈ ಗುಂಪಿನವು. ಆದರೆ ಪೈನ್, ಓಕ್, ಬರ್ಚ್ ಎಲ್ಲ ಇದರಲ್ಲೇ ಇರುವುದರಿಂದ, ಭೂಮಿಯ ಮೇಲೆ ನಿಂತ ಮರಗಳನ್ನು ತಲೆಯೆಣಿಸಿದರೆ ಅರ್ಧಕ್ಕಿಂತ ಹೆಚ್ಚು ಈ ಗುಂಪಿಗೆ ಬರುತ್ತವೆ ಎಂದು 2019ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನ ಅಂದಾಜಿಸಿತು. ಉಷ್ಣವಲಯದಲ್ಲಿ ಇದು ಅಪರೂಪ ಎಂಬ ಹಳೆಯ ಪಾಠಕ್ಕೆ ದೊಡ್ಡ ಅಪವಾದ ಧೂಪದ ಬಳಗ. ಕೊಡಗಿನಿಂದ ಉತ್ತರ ಕನ್ನಡದವರೆಗಿನ ಮಳೆಕಾಡಿನ ಸಾಲುಧೂಪ, ಎಣ್ಣೆಮರ, ಬೋಗಿ, ಹೈಗ ಇವೆಲ್ಲ ಆ ಬಳಗದವು. ಇವುಗಳ ಅಡಿಯಲ್ಲಿ ಮಳೆಗಾಲಕ್ಕೆ ಏಳುವ ಕೆಂಪು, ಹಳದಿ, ಬಿಳಿ ಟೋಪಿಯ ರಸ್ಸುಲಾ ಅಣಬೆಗಳು ಈ ಬೇರುಸಂಬಂಧದ ಹೊರಗುರುತು.

ಆ ಸಂಬಂಧ ಎಷ್ಟು ಹಳೆಯದು ಎಂಬುದಕ್ಕೆ ಪುರಾವೆ ಗುಜರಾತಿನ ನೆಲದಲ್ಲಿ ಸಿಕ್ಕಿದೆ. ಸೂರತ್ ಜಿಲ್ಲೆಯ ತಡಕೇಶ್ವರದ ಲಿಗ್ನೈಟ್ ಗಣಿಯಲ್ಲಿ ದೊರೆತ ಅಂಬರು ಸುಮಾರು 5 ಕೋಟಿ 20 ಲಕ್ಷ ವರ್ಷ ಹಿಂದಿನ ಧೂಪದ ಬಳಗದ ಮರಗಳ ಅಂಟು. ಅದರೊಳಗೆ ಕೀಟ, ಎಲೆಚೂರುಗಳ ಜೊತೆ ಶಿಲೀಂಧ್ರದ ಕವಚ ತೊಟ್ಟ ಬೇರುತುದಿಗಳೂ ಸೆರೆಯಾಗಿವೆ. 2011ರಲ್ಲಿ ವಿಜ್ಞಾನಿಗಳು ವಿವರಿಸಿದ ಈ ಪಳೆಯುಳಿಕೆ, ಹೂಬಿಡುವ ಮರಗಳಲ್ಲಿ ಈ ಬಗೆಯ ಬೇರು-ಶಿಲೀಂಧ್ರ ಕೂಟಕ್ಕೆ ಸಿಕ್ಕ ಅತಿ ಹಳೆಯ ನೇರ ಸಾಕ್ಷಿಗಳಲ್ಲೊಂದು. ಕತೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಮಡಗಾಸ್ಕರದಲ್ಲಿ ಮಾತ್ರ ಬೆಳೆಯುವ ಸಾರ್ಕೊಲೀನೇಸಿ ಎಂಬ ಮರಗಳ ಕುಟುಂಬ ಧೂಪದ ಬಳಗಕ್ಕೆ ಅತಿ ಹತ್ತಿರದ ನೆಂಟ, ಅವುಗಳ ಬೇರಿನಲ್ಲೂ ಇದೇ ಬಗೆಯ ಶಿಲೀಂಧ್ರ ಕವಚವಿದೆ. ಎರಡು ಕುಟುಂಬಗಳ ಸಮಾನ ಪೂರ್ವಜನಿಗೂ ಈ ಒಡನಾಟ ಇತ್ತು, ಅಂದರೆ ಸುಮಾರು 8 ಕೋಟಿ 80 ಲಕ್ಷ ವರ್ಷ ಹಿಂದೆ ಭಾರತ ಮಡಗಾಸ್ಕರದಿಂದ ಬೇರ್ಪಡುವ ಮೊದಲೇ ಅದು ಬೆಸೆದಿತ್ತು ಎಂದು 2004ರಲ್ಲಿ ಒಂದು ಸಂಶೋಧನಾ ತಂಡ ವಾದಿಸಿತು. ಹಿಮಾಲಯ ಇನ್ನೂ ಏಳದಿದ್ದ ಕಾಲವದು. ಸಾಲುಧೂಪದ ಬೇರಿನಲ್ಲಿ ಇಂದೂ ನಡೆಯುತ್ತಿರುವ ಕೊಡುಕೊಳ್ಳುವಿಕೆಯ ವಯಸ್ಸು ಇದಾದರೆ, ಅದನ್ನು ಒಂದು ಬೇಸಿಗೆಯ ಕಾಮಗಾರಿಯಲ್ಲಿ ಕಿತ್ತು ಮುಂದಿನ ಬೇಸಿಗೆಯಲ್ಲಿ ಬೇರೆಡೆ ನೆಡಬಹುದು ಎಂದುಕೊಳ್ಳುವುದು ಎಂಥ ದುಡುಕು!

ಶಿಲೀಂಧ್ರವಿಲ್ಲದೆ ಮರ ಬೆಳೆಸಲು ಹೋದರೆ ಏನಾಗುತ್ತದೆ ಎಂಬುದು ಊಹೆಯ ಮಾತಲ್ಲ. ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದಲ್ಲಿ 1930ರ ದಶಕದಿಂದ ಮತ್ತೆ ಮತ್ತೆ ಪೈನ್ ನೆಟ್ಟರು. ಸಸಿ ಮೊಳೆಯುತ್ತಿತ್ತು, ಗೇಣುದ್ದಕ್ಕೆ ಬರುತ್ತಿತ್ತು, ಹಳದಿಯಾಗಿ ಸಾಯುತ್ತಿತ್ತು. ಗೊಬ್ಬರ ಹಾಕಿ ನೋಡಿದರೂ ದಾರಿ ಕಾಣಲಿಲ್ಲ. ಪೈನಿಗೆ ಬೇಕಾದ ಶಿಲೀಂಧ್ರ ಆ ದ್ವೀಪದಲ್ಲಿ ಇರಲೇ ಇಲ್ಲ. 1955ರಲ್ಲಿ ಅಮೆರಿಕದ ಪೈನ್ ಕಾಡಿನಿಂದ ತಂದ ಮಣ್ಣನ್ನು ಸಸಿಗಳ ಬುಡಕ್ಕೆ ಹಾಕಿದಾಗ ಅವು ಚಿಗುರಿ ಎದ್ದು ನಿಂತವು, ಮಣ್ಣು ಬೀಳದ ಪಕ್ಕದ ಸಸಿಗಳು ಕುಗ್ಗಿಯೇ ಉಳಿದವು. ಆಫ್ರಿಕ, ಆಸ್ಟ್ರೇಲಿಯಗಳಲ್ಲೂ ಪೈನ್ ತೋಟ ಎಬ್ಬಿಸಿದವರು ಇದೇ ಪಾಠ ಕಲಿತರು. ಮರದ ಬೀಜದೊಳಗೆ ಮರವಿರುತ್ತದೆ, ಆದರೆ ಅದರ ಶಿಲೀಂಧ್ರ ಇರುವುದಿಲ್ಲ. ಅದು ತಾಯಿಮರದ ಅಡಿಯ ಮಣ್ಣಿನಲ್ಲಿ ಕಾದಿರುತ್ತದೆ.

ಇದೇ ಮಣ್ಣು ಇಂಗಾಲದ ದೊಡ್ಡ ಕಣಜವೂ ಹೌದು. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವರದಿಗಳೇ ಹೇಳುವಂತೆ ದೇಶದ ಅರಣ್ಯಗಳಲ್ಲಿರುವ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇರುವುದು ಮಣ್ಣಿನಲ್ಲಿ. ಕಾಂಡ, ಕೊಂಬೆ, ಎಲೆ, ಬೇರು ಎಲ್ಲ ಕೂಡಿದರೂ ಅದಕ್ಕಿಂತ ಕಡಿಮೆ. ಈ ಇಂಗಾಲ ಮೇಲಿಂದ ಉದುರಿದ ಎಲೆಯದ್ದೇ ಎಂದು ಬಹುಕಾಲ ನಂಬಲಾಗಿತ್ತು. ಸ್ವೀಡನ್ನಿನ ಉತ್ತರ ಭಾಗದ ಸರೋವರ ದ್ವೀಪಗಳ ಕಾಡಿನ ಮಣ್ಣನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಚಿತ್ರ ಕೊಟ್ಟಿತು. ಅಲ್ಲಿ ಮಣ್ಣು ಸೇರಿದ ಇಂಗಾಲದಲ್ಲಿ ಅರ್ಧದಿಂದ ಮುಕ್ಕಾಲಿನ ಆಸುಪಾಸಿನಷ್ಟು ಬಂದದ್ದು ಕೆಳಗಿನಿಂದ, ಬೇರು ಮತ್ತು ಬೇರಿಗಂಟಿದ ಶಿಲೀಂಧ್ರಗಳ ಮೂಲಕ. 2023ರ ಇನ್ನೊಂದು ಲೆಕ್ಕಾಚಾರದ ಪ್ರಕಾರ ಜಗತ್ತಿನ ಸಸ್ಯಗಳು ವರ್ಷಕ್ಕೆ ಶಿಲೀಂಧ್ರಗಳಿಗೆ ಸಾಗಿಸುವ ಇಂಗಾಲ 1,300 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಅದರಲ್ಲಿ ಬಹುಪಾಲು ಬೇಗನೆ ಗಾಳಿಗೆ ಮರಳುತ್ತದೆ, ಎಷ್ಟು ಕಾಲ ಎಷ್ಟು ಉಳಿಯುತ್ತದೆ ಎಂಬ ಚರ್ಚೆ ಮುಗಿದಿಲ್ಲ. ಸ್ವೀಡನ್ನಿನ ಚಳಿಕಾಡಿನ ಅಂಕಿಯನ್ನು ತಂದು ಸೋಮೇಶ್ವರದ ಮಳೆಕಾಡಿಗೆ ಅಂಟಿಸುವುದೂ ತರವಲ್ಲ. ಆದರೂ ದಿಕ್ಕು ಸ್ಪಷ್ಟ: ಮಣ್ಣು ಬಗೆದರೆ ಕಣಜದ ಬಾಯಿ ತೆರೆದಂತೆ.

ಇಲ್ಲಿ ಒಂದು ಎಚ್ಚರ ಬೇಕು. ಕಳೆದ ಕೆಲವು ವರ್ಷಗಳಲ್ಲಿ ಈ ವಿಷಯ ಜನಪ್ರಿಯವಾದದ್ದು ಕಾಡಿನ ಅಂತರ್ಜಾಲ ಎಂಬ ಕಲ್ಪನೆಯಿಂದ. ಕೆನಡಾದ ಸುಝಾನ್ ಸಿಮಾರ್ಡ್ ಮತ್ತು ಸಂಗಡಿಗರು 1997ರಲ್ಲಿ ಬರ್ಚ್ ಮತ್ತು ಡಗ್ಲಸ್ ಫರ್ ಸಸಿಗಳ ನಡುವೆ ಇಂಗಾಲ ಸಾಗುವುದನ್ನು ತೋರಿಸಿದಾಗ ನೇಚರ್ ಪತ್ರಿಕೆ ಅದನ್ನು ಮುಖಪುಟಕ್ಕೇರಿಸಿತು. ಅಲ್ಲಿಂದ ಮುಂದೆ ತಾಯಿಮರ ತನ್ನ ಮಕ್ಕಳನ್ನು ಗುರುತಿಸಿ ಉಣಿಸುತ್ತದೆ, ಮರಗಳು ಶಿಲೀಂಧ್ರದ ತಂತಿಯಲ್ಲಿ ಅಪಾಯದ ಸುದ್ದಿ ಕಳಿಸುತ್ತವೆ ಎಂಬ ಮಾತುಗಳು ಪುಸ್ತಕ, ಸಿನಿಮಾ, ಶಾಲೆಯ ಭಾಷಣಗಳಲ್ಲೆಲ್ಲ ಹಬ್ಬಿದವು. 2023ರಲ್ಲಿ ಜಸ್ಟಿನ್ ಕಾರ್ಸ್ಟ್, ಮೆಲನಿ ಜೋನ್ಸ್, ಜೇಸನ್ ಹೋಕ್ಸೆಮಾ ಎಂಬ ಮೂವರು ಮೈಕೊರೈಜಾ ತಜ್ಞರು ಇದುವರೆಗಿನ ಕ್ಷೇತ್ರ ಪ್ರಯೋಗಗಳನ್ನೆಲ್ಲ ಮತ್ತೆ ಪರಿಶೀಲಿಸಿ, ಆಧಾರ ತೆಳ್ಳಗಿದೆ, ಹೇಳಿಕೆ ದಪ್ಪವಾಗಿದೆ ಎಂದರು. ಬಲಿತ ಮರ ಸಸಿಗೆ ಶಿಲೀಂಧ್ರಜಾಲದ ಮೂಲಕವೇ ಊಟ ಕಳಿಸುತ್ತದೆ ಎಂಬುದು ಕಾಡಿನಲ್ಲಿ ಗಟ್ಟಿಯಾಗಿ ಸಾಬೀತಾಗಿಲ್ಲ. ಇಂಗಾಲ ಬೇರೆ ದಾರಿಯಲ್ಲೂ ಮಣ್ಣಿನಲ್ಲಿ ಸಾಗಬಲ್ಲದು. ಮೆಲನಿ ಜೋನ್ಸ್ 1997ರ ಆ ಪ್ರಬಂಧದ ಸಹಲೇಖಕಿಯೇ ಆಗಿದ್ದವರು. ತಾನು ಪಾಲ್ಗೊಂಡ ಕೆಲಸದ ಮೇಲೆ ಕಟ್ಟಿದ ಕತೆಯನ್ನು ತಾನೇ ತೂಗಿ ನೋಡುವ ಇಂಥ ನಡೆ ವಿಜ್ಞಾನದ ಮೇಲಿನ ನಂಬಿಕೆಯನ್ನು ಹೆಚ್ಚಿಸುತ್ತದೆ.

ಕಾಡಿನ ಮಣ್ಣನ್ನು ಉಳಿಸಲು ಮರಗಳು ಮಾತಾಡಬೇಕಾಗಿಲ್ಲ. ಬೇರಿಗೂ ಶಿಲೀಂಧ್ರಕ್ಕೂ ನಡುವೆ ನಡೆಯುವ ರಂಜಕ ಮತ್ತು ಸಕ್ಕರೆಯ ವಿನಿಮಯ ಯಾರೂ ಅಲ್ಲಗಳೆಯದ ಸತ್ಯ. ನೀತಿ ರೂಪಿಸಲು ಅಷ್ಟು ಸಾಕು.

ಆ ನೀತಿ ಈಗ ಹೇಗಿದೆ ನೋಡಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಿಟ್ಟುಕೊಡುವಾಗ ಯೋಜನೆಯವರು ಬೇರೆಡೆ ಗಿಡ ಬೆಳೆಸಲು ಹಣ ಕೊಡಬೇಕು, ಕಾಡಿನ ನಿವ್ವಳ ವರ್ತಮಾನ ಮೌಲ್ಯವನ್ನೂ ಕಟ್ಟಬೇಕು. ಆ ಹಣದ ನಿರ್ವಹಣೆಗೆ 2016ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು. ಮೌಲ್ಯದ ದರ ನಿಗದಿಯಾಗುವುದು ಕಾಡಿನ ವರ್ಗ ಮತ್ತು ಮೇಲಾವರಣದ ದಟ್ಟಣೆಯ ಮೇಲೆ, ಅಂದರೆ ಮೇಲಿನಿಂದ ಕಾಣುವುದರ ಮೇಲೆ. ಅರಣ್ಯ ಸರ್ವೇಕ್ಷಣೆಯ ಉಪಗ್ರಹ ಲೆಕ್ಕದಲ್ಲೂ ಒಂದು ಹೆಕ್ಟೇರಿಗಿಂತ ದೊಡ್ಡದಾದ, ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮರದ ನೆರಳಿರುವ ಜಾಗವೆಲ್ಲ ಅರಣ್ಯ ಹೊದಿಕೆ. ಅಲ್ಲಿರುವುದು ಸಾಲುಧೂಪವೋ ಅಕೇಶಿಯಾ ನೆಡುತೋಪೋ ಎಂಬ ಭೇದವಿಲ್ಲ. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಸುತ್ತ ಎದ್ದಿರುವ ವಾದವಿವಾದದಲ್ಲೂ ಎಷ್ಟು ಸಾವಿರ ಮರ ಎಂಬುದೇ ಮುನ್ನೆಲೆಗೆ ಬಂತು. ಸುರಂಗದಿಂದ ತೆಗೆದ ಕಲ್ಲುಮಣ್ಣನ್ನು ಎಲ್ಲಿ ಸುರಿಯುತ್ತಾರೆ, ಅದರಡಿಯಲ್ಲಿ ಎಷ್ಟು ಕಾಡುನೆಲ ಉಸಿರುಗಟ್ಟುತ್ತದೆ, ರಸ್ತೆ ಅಗಲಿಸಲು ಕೆರೆದ ಮೇಲ್ಮಣ್ಣು ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಅದರ ಹತ್ತನೇ ಒಂದು ಪಾಲು ಗಮನವೂ ಸಿಗಲಿಲ್ಲ.

ಬದಲಿ ಗಿಡ ನೆಡುವ ಜಾಗಕ್ಕೆ ಹೋದರೆ ಅಲ್ಲಿಯೂ ಮೊದಲು ಬರುವುದು ಜೆಸಿಬಿ. ಪೊದೆ ಸವರಿ, ಕಂದಕ ತೋಡಿ, ಸಾಲುಗುಂಡಿ ತೆಗೆದು ನೆಡುವ ಪದ್ಧತಿಯಲ್ಲಿ ಅಳಿದುಳಿದ ಕುರುಚಲು ಗಿಡಗಳ ಬೇರು, ಆ ಬೇರಿನ ಆಸರೆಯಲ್ಲಿ ಬದುಕಿದ್ದ ಶಿಲೀಂಧ್ರ ಎರಡೂ ಮೊದಲ ದಿನವೇ ಮುಗಿಯುತ್ತವೆ. ಕುರುಚಲು ಕಾಡನ್ನು ಪಾಳು ಎಂದು ಕರೆಯುವ ಇಲಾಖೆಯ ಹಳೆಯ ರೂಢಿ ಇದಕ್ಕೆ ಮೂಲ. ಮಣ್ಣಿನೊಳಗಿನ ದೃಷ್ಟಿಯಿಂದ ಅದು ಪಾಳಲ್ಲ, ಚೇತರಿಸಿಕೊಳ್ಳುತ್ತಿರುವ ಕಾಡು.

ಮಲೆನಾಡು ಇದರ ಫಲವನ್ನು ನಾಲ್ಕು ದಶಕಗಳಿಂದ ಕಾಣುತ್ತಿದೆ. ಮೈಸೂರು ಕಾಗದ ಕಾರ್ಖಾನೆಗೆ ಗುತ್ತಿಗೆ ಕೊಟ್ಟಿದ್ದ ಸುಮಾರು 20 ಸಾವಿರ ಹೆಕ್ಟೇರ್ ಭೂಮಿಯ ಅವಧಿ 2020ರಲ್ಲಿ ಮುಗಿದಾಗ, ಅದನ್ನು ಮುಂದುವರಿಸುವ ಸರ್ಕಾರದ ತೀರ್ಮಾನದ ವಿರುದ್ಧ ಶಿವಮೊಗ್ಗದ ಹಳ್ಳಿಗಳಲ್ಲಿ ಚಳವಳಿ ಎದ್ದಿತು. ನೆಡುತೋಪಿನ ವಿರೋಧಿಗಳು ನೀರಿನ ಬಗ್ಗೆ, ಬತ್ತಿದ ಒರತೆಗಳ ಬಗ್ಗೆ, ಮೇವಿಲ್ಲದ ದನಗಳ ಬಗ್ಗೆ ಮಾತಾಡಿದರು. ಅಕೇಶಿಯಾದ ಬೇರಿನಲ್ಲೂ ಶಿಲೀಂಧ್ರ ಇರುತ್ತದೆ, ಸಾರಜನಕ ಹಿಡಿಯುವ ಗಂಟುಗಳೂ ಇರುತ್ತವೆ ಎಂಬುದು ನಿಜ. ಆದರೆ ಎಂಟು ಹತ್ತು ವರ್ಷಕ್ಕೊಮ್ಮೆ ಕಡಿದು, ನೆಲ ಬಗೆದು, ಮತ್ತೆ ಅದೇ ಒಂದು ಜಾತಿ ನೆಟ್ಟಾಗ ಹತ್ತಾರು ಮರಜಾತಿಗಳ ಹತ್ತಾರು ಸಂಗಾತಿಗಳು ಇದ್ದ ಮಣ್ಣಿನಲ್ಲಿ ಕೆಲವೇ ಗಡುಸು ಜಾತಿಗಳು ಉಳಿಯುತ್ತವೆ. ನೀಲಗಿರಿಯ ಹೊಸ ನೆಡುತೋಪನ್ನು ಕರ್ನಾಟಕ 2017ರಲ್ಲಿ ನಿಷೇಧಿಸಿದ್ದು ಅಂತರ್ಜಲದ ಕಾರಣಕ್ಕೆ. ಮಣ್ಣಿನ ಕಾರಣವೂ ಅಷ್ಟೇ ಗಟ್ಟಿಯಾಗಿ ಪಕ್ಕದಲ್ಲಿ ನಿಲ್ಲಬಹುದಿತ್ತು.

ಮಣ್ಣಿನ ಮೇಲಿನ ಒತ್ತಡವೆಲ್ಲ ದೊಡ್ಡ ಯೋಜನೆಗಳಿಂದಲೇ ಬರುತ್ತದೆ ಎಂದರೆ ಅರ್ಧ ಸತ್ಯ. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಬೆಟ್ಟದ ಹಸಿಸೊಪ್ಪು, ಗುಡಿಸಿ ತಂದ ದರಕು ಕೊಟ್ಟಿಗೆಯ ಮೂಲಕ ಗೊಬ್ಬರವಾಗಿ ತೋಟ ಸೇರುತ್ತದೆ. ಸಾವಯವ ಕೃಷಿಯ ಮಾದರಿ ಎಂದು ಹೊಗಳಿಸಿಕೊಳ್ಳುವ ಈ ಪದ್ಧತಿಯಲ್ಲಿ ತೋಟ ಶ್ರೀಮಂತವಾದಷ್ಟೂ ಬೆಟ್ಟ ಬಡವಾಗುವ ಅಪಾಯ ಅಡಗಿದೆ. ಪ್ರತಿ ಬೇಸಿಗೆ ನೆಲ ಕಾಣುವವರೆಗೆ ಗುಡಿಸಿದ ಬೆಟ್ಟದಲ್ಲಿ ಮಳೆಹನಿ ನೇರ ಮಣ್ಣಿಗೆ ಬಡಿಯುತ್ತದೆ, ಸಣ್ಣ ಬೇರುಗಳಿಗೆ ಹೊದಿಕೆಯಿಲ್ಲ, ಶಿಲೀಂಧ್ರದ ಎಳೆಗಳಿಗೆ ತೇವವಿಲ್ಲ. ಬೆಟ್ಟವನ್ನು ಮೂರು ನಾಲ್ಕು ಭಾಗ ಮಾಡಿ ವರ್ಷಕ್ಕೊಂದು ಭಾಗವನ್ನಷ್ಟೇ ಗುಡಿಸಿ, ಉಳಿದದ್ದಕ್ಕೆ ವಿಶ್ರಾಂತಿ ಕೊಡುವ ಬೆಳೆಗಾರರೂ ಇದ್ದಾರೆ. ಇಂಥವರಿಂದ ಕಲಿಯಲು ಅರಣ್ಯ ಇಲಾಖೆ ಹಿಂಜರಿಯಬಾರದು.

ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳಲ್ಲಿ ಹಲವು ಒಂದು ಎಕರೆಯಷ್ಟೂ ಇಲ್ಲದ ತುಣುಕುಗಳು. ಪೊನ್ನಂಪೇಟೆಯ ಅರಣ್ಯ ಕಾಲೇಜು ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಈ ಶತಮಾನದ ಆರಂಭದಲ್ಲಿ ಕಾಡು, ದೇವರಕಾಡು, ಕಾಫಿ ತೋಟಗಳನ್ನು ಹೋಲಿಸಿ ನೋಡಿದಾಗ ಮರ ಮತ್ತು ಹಕ್ಕಿಗಳ ಜೊತೆ ಅಣಬೆಗಳನ್ನೂ ದಾಖಲಿಸಿದ್ದರು. ಕೊಡಲಿ, ಗುದ್ದಲಿ ಕಾಣದ ಸಣ್ಣ ತುಣುಕು ಕೂಡ ಸುತ್ತಲ ತೋಟಗಳಲ್ಲಿಲ್ಲದ ಜೀವಿಗಳಿಗೆ ನೆಲೆಯಾಗಬಲ್ಲದು ಎಂಬುದು ಆ ಬಗೆಯ ಕೆಲಸದಿಂದ ಗೊತ್ತಾಗಿದೆ. ಆದರೆ ಅಣಬೆ ಮೇಲೆ ಏಳುವ ಜಾತಿಗಳು ಒಟ್ಟು ಶಿಲೀಂಧ್ರಗಳಲ್ಲಿ ಕೆಲವು ಮಾತ್ರ. ಮಣ್ಣಿನ ಡಿಎನ್‌ಎ ಓದಿ ನೆಲದೊಳಗಿನ ಪಟ್ಟಿ ಮಾಡುವ ಕೆಲಸ ಜಗತ್ತಿನಾದ್ಯಂತ ವೇಗ ಪಡೆದಿದೆ. 2025ರಲ್ಲಿ ಪ್ರಕಟವಾದ ಜಾಗತಿಕ ನಕ್ಷೆಯೊಂದರ ಪ್ರಕಾರ ಬೇರು-ಶಿಲೀಂಧ್ರಗಳ ವೈವಿಧ್ಯ ಅತಿ ಹೆಚ್ಚಿರುವ ನೆಲೆಗಳಲ್ಲಿ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಮಾತ್ರ ಸಂರಕ್ಷಿತ ಪ್ರದೇಶದೊಳಗಿದೆ.

ಹಾಗಾದರೆ ಏನು ಮಾಡಬಹುದು? ದೊಡ್ಡ ಖರ್ಚಿನ ಮಾತೇನೂ ಇಲ್ಲಿಲ್ಲ. ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಪಾಲಿಥೀನ್ ಚೀಲಕ್ಕೆ ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬುತ್ತಾರೆ. ಸಾಲುಧೂಪ, ಬೋಗಿಯಂಥ ಮರಗಳ ಬೀಜ ಬಹುಕಾಲ ಬಾಳದು, ಬಿದ್ದ ಕೆಲವೇ ದಿನಗಳಲ್ಲಿ ಮೊಳೆಯಬೇಕು. ಹಾಗೆ ಮೊಳೆತ ಸಸಿ ಕಾಡಿನಲ್ಲಾಗಿದ್ದರೆ ಮೊದಲ ಮಳೆಗಾಲದಲ್ಲೇ ತಾಯಿಮರದ ಶಿಲೀಂಧ್ರವನ್ನು ಪಡೆಯುತ್ತಿತ್ತು. ಚೀಲದಲ್ಲಿ ಅದು ಒಂಟಿ. ಚೀಲದ ಮಿಶ್ರಣಕ್ಕೆ ಅದೇ ಜಾತಿಯ ಬಲಿತ ಮರದ ಬುಡದಿಂದ ತಂದ ಮಣ್ಣನ್ನು ಚಿಟಿಕೆಯಷ್ಟು ಸೇರಿಸುವುದು, ಅಥವಾ ಸಸಿಪಾತಿಯನ್ನೇ ತಾಯಿಮರದ ಹತ್ತಿರ ಮಾಡುವುದು ಯಾವ ಕಾವಲುಗಾರನೂ ಮಾಡಬಲ್ಲ ಕೆಲಸ. ನೆದರ್ಲೆಂಡಿನಲ್ಲಿ ಉಳುಮೆ ಬಿಟ್ಟ ಹೊಲಗಳ ಮೇಲೆ ಹುಲ್ಲುಗಾವಲಿನ ಮತ್ತು ಕುರುಚಲು ಬಯಲಿನ ಮಣ್ಣನ್ನು ತೆಳುವಾಗಿ ಹರಡಿ ನೋಡಿದರು. ಆರು ವರ್ಷಗಳಲ್ಲಿ ಒಂದೇ ಹೊಲ, ಯಾವ ಮಣ್ಣು ಬಿದ್ದಿತ್ತೋ ಆ ದಿಕ್ಕಿಗೆ ಹೊರಳಿತ್ತು. 2016ರಲ್ಲಿ ಪ್ರಕಟವಾದ ಈ ಪ್ರಯೋಗ ಮರದ್ದಲ್ಲ, ಹುಲ್ಲುಪೊದೆಗಳದು. ಆದರೂ ಮಣ್ಣು ಮುಂದೆ ಹೋಗಿ ಸಸ್ಯ ಹಿಂದೆ ಬರುವ ಸಾಧ್ಯತೆಯನ್ನು ಅದು ತೋರಿಸಿತು.

ಇದರ ಜೊತೆಗೆ ಎರಡು ಜಾಗ್ರತೆ ಬೇಕೇ ಬೇಕು. ಕೋಟಿಗಟ್ಟಲೆ ಸಸಿಗೆಂದು ಲಾರಿಗಟ್ಟಲೆ ಕಾಡುಮಣ್ಣು ಸಾಗಿಸಿದರೆ ಒಂದು ಕಾಡು ಮಾಡಲು ಇನ್ನೊಂದನ್ನು ಬಗೆದಂತಾಗುತ್ತದೆ. ಮಣ್ಣಿನ ಜೊತೆ ರೋಗವೂ ಪ್ರಯಾಣಿಸುತ್ತದೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟೊಫ್ತೊರಾ ಕುಲದ ಜೀವಿಗಳು ಮಣ್ಣು ಮತ್ತು ನೀರಿನಲ್ಲೇ ಹರಡುವಂಥವು. ಆದ್ದರಿಂದ ತಂದ ಮಣ್ಣು ಅದೇ ಗುಡ್ಡದ್ದಾಗಿರಬೇಕು, ಹಿಡಿಯಷ್ಟೇ ಆಗಿರಬೇಕು.

ಮಾರುಕಟ್ಟೆಯಲ್ಲಿ ಸಿಗುವ ಮೈಕೊರೈಜಾ ಪೊಟ್ಟಣಗಳು ಇದಕ್ಕೆ ಬದಲಿಯಾಗುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಮತ್ತು ಅವರ ಶಿಷ್ಯರು ದಶಕಗಟ್ಟಲೆ ನಡೆಸಿದ ಸಂಶೋಧನೆಯ ಮುಖ್ಯ ತಿರುಳೇ, ಪ್ರತಿ ಬೆಳೆಗೆ, ಪ್ರತಿ ಮರಕ್ಕೆ ಹೊಂದುವ ಶಿಲೀಂಧ್ರವನ್ನು ಪರೀಕ್ಷಿಸಿ ಆರಿಸಬೇಕು ಎಂಬುದು. ಪೊಟ್ಟಣದಲ್ಲಿ ಸಾಮಾನ್ಯವಾಗಿ ಇರುವುದು ಹೊಲದ ಬೆಳೆಗಳಿಗೆ ಒಗ್ಗುವ ಒಳಹೊಕ್ಕುವ ಬಗೆ. ಅದು ಹಲಸಿಗೆ ನೆರವಾದೀತು. ಕವಚ ತೊಡಿಸುವ ಸಂಗಾತಿ ಬೇಕಾದ ಸಾಲುಧೂಪಕ್ಕೆ ಅದರಿಂದ ಪ್ರಯೋಜನವಿಲ್ಲ.

ಇನ್ನು ಕಾಗದದ ಕೆಲಸ. ಅರಣ್ಯ ಭೂಮಿ ಕೇಳುವ ಪ್ರತಿ ಯೋಜನಾ ವರದಿಯಲ್ಲಿ ಮರಗಳ ಪಟ್ಟಿಯ ಪಕ್ಕದಲ್ಲಿ ಕಲಕಲಿರುವ ಮೇಲ್ಮಣ್ಣಿನ ವಿಸ್ತಾರ, ಅದರ ಆಳ, ಇಂಗಾಲ, ಬೇರು-ಶಿಲೀಂಧ್ರಗಳ ಸಮೀಕ್ಷೆ ಕಡ್ಡಾಯವಾಗಬೇಕು. ರಸ್ತೆ, ಕೊಳವೆಮಾರ್ಗ, ವಿದ್ಯುತ್ ಗೋಪುರದ ಕೆಲಸದಲ್ಲಿ ಕೆರೆದ ಮೇಲ್ಮಣ್ಣನ್ನು ಪ್ರತ್ಯೇಕ ಇಟ್ಟು, ಒಣಗಲು ಬಿಡದೆ, ಆದಷ್ಟು ಬೇಗ ಅಲ್ಲಿಯೇ ಹರಡುವ ಷರತ್ತು ಹಾಕಬೇಕು. ಬದಲಿ ಅರಣ್ಯೀಕರಣದಲ್ಲಿ ಯಂತ್ರದಿಂದ ಕಂದಕ ತೋಡುವುದನ್ನು ಕುರುಚಲು ಕಾಡುಗಳಲ್ಲಿ ನಿಲ್ಲಿಸಿ, ಇರುವ ಗಿಡಗಳ ನಡುವೆ ಕೈಗುಂಡಿಯಲ್ಲಿ ನೆಡಬೇಕು. ಈ ಕೆಲಸಕ್ಕೆ ಬೇಕಾದ ಜ್ಞಾನಕ್ಕೆ ಹೊರಗೆ ಹೋಗಬೇಕಾಗಿಲ್ಲ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕರಾವಳಿಯ ಕಾಡಣಬೆಗಳ ಮೇಲೆ ಆದ ಅಧ್ಯಯನಗಳಿವೆ, ಪೊನ್ನಂಪೇಟೆ ಮತ್ತು ಶಿರಸಿಯಲ್ಲಿ ಅರಣ್ಯ ಕಾಲೇಜುಗಳಿವೆ. ಪುಷ್ಪಗಿರಿಯ ಬುಡದ ಉಪ್ಪಂಗಳದಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಮೂರು ದಶಕಕ್ಕೂ ಹೆಚ್ಚು ಕಾಲದಿಂದ ಮರಗಳ ಸುತ್ತಳತೆ ಅಳೆಯುತ್ತಿದ್ದಾರೆ. ಎಣ್ಣೆಮರ, ಸಾಲುಧೂಪಗಳೇ ತುಂಬಿದ ಆ ಕಾಡಿನಲ್ಲಿ ಪ್ರತಿ ಮರಕ್ಕೂ ಸಂಖ್ಯೆಯಿದೆ, ಯಾವುದು ಎಷ್ಟು ಬೆಳೆಯಿತು ಎಂಬ ದಾಖಲೆಯಿದೆ. ಅಲ್ಲಿ ಸುತ್ತಳತೆಯ ಪಟ್ಟಿ ಹಿಡಿದು ಹೋಗುವವರ ಜೊತೆ ಬುಡದ ಮಣ್ಣನ್ನೂ ತಂದು ಓದುವವರು ಸೇರಿದರೆ, ಸಾಲುಧೂಪದ ಸಸಿಗೆ ಯಾವ ಶಿಲೀಂಧ್ರ ಬೇಕು ಎಂಬ ಪಟ್ಟಿ ಮುಂದಿನ ಕೆಲವು ಮಳೆಗಾಲಗಳಲ್ಲೇ ಸಸ್ಯಕ್ಷೇತ್ರಗಳ ಕೈಸೇರಬಹುದು. ಅದಕ್ಕೆ ಬೇಕಾದ ಹಣ ಪರಿಹಾರ ಅರಣ್ಯೀಕರಣ ನಿಧಿಯಲ್ಲಿ ಈಗಾಗಲೇ ಇದೆ. ಅದರಲ್ಲಿ ಮಣ್ಣಿಗೊಂದು ಬಾಬ್ತು ತೆರೆಯುವ ಆದೇಶ ಹೊರಡಬೇಕಾದದ್ದು ಬೆಂಗಳೂರಿನ ಅರಣ್ಯ ಭವನದಿಂದ.